ಮಧ್ಯಾಹ್ನದ ಕರಿಕಾಳು

ಹೋದ ವಾರ ಸಿರುಗುಪ್ಪದ ಕಡೆಯ ಒಂದು ರೈಸ್ ಮಿಲ್ಲಿನಿಂದ ನನ್ನ ಅಂಗಡಿಗೆ ಕಂಟ್ರೋಲ್ ಬೋರ್ಡೊಂದು ರಿಪೇರಿಗೆ ಬಂತು. ಮುಚ್ಚಳದ ಸ್ಕ್ರೂ ಬಿಚ್ಚಿದ ಕೂಡಲೇ ಸುಟ್ಟ ತೌಡಿನ ವಾಸನೆ ಮೂಗಿಗೆ ಬಡಿಯಿತು. ಅಕ್ಕಿಯ ತೌಡು ಪುಡಿಪುಡಿಯಾಗಿ ಒಳಗೆ ನುಗ್ಗಿ, ಪ್ರೊಸೆಸರಿನ ಮೇಲೆ ಕೂತು, ದಿನವೂ ಬಿಸಿಗೆ ಹುರಿದು ಹುರಿದು ಕಪ್ಪಾದರೆ ಬರುವ ವಾಸನೆ ಅದು. ಹುರಿಹಿಟ್ಟು ಸೀದ ಹಾಗಿರುತ್ತದೆ. ಬ್ರಶ್ಶು ಕೈಯಲ್ಲೇ ಉಳಿಯಿತು. ಮೊದಲು ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಮೇಡಂ ನೆನಪಾದರು.

ತೀರಿಕೊಂಡವರ ನೆನಪು ಬೇರೆಯವರಿಗೆ ಕಣ್ಣೀರಿನ ಜೊತೆ ಬರುತ್ತದಂತೆ. ನಾನು ಮಾತ್ರ ಹಲ್ಲು ಕಚ್ಚಿಕೊಳ್ಳುತ್ತೇನೆ.

ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೆ ಆಪರೇಟಿಂಗ್ ಸಿಸ್ಟಮ್ ಪಾಠ ಹೇಳಿದವರು ಅವರು. ನಾನು ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬಸ್ಸು ತಡವಾಗಿ ಕ್ಲಾಸಿನ ಬಾಗಿಲಲ್ಲಿ ನಿಂತರೆ ಬೇರೆ ಲೆಕ್ಚರರುಗಳು ಕಾರಣ ಕೇಳುತ್ತಿದ್ದರು, ಇವರು ಮಾತ್ರ ಕಣ್ಣಿನಲ್ಲೇ "ಕೂಡು" ಅನ್ನುತ್ತಿದ್ದರು. ಸಣ್ಣ ಅಂಚಿನ ನೂಲಿನ ಸೀರೆ, ಎಡಗೈಯಲ್ಲಿ ಚಾಕ್‌ಪೀಸು, ಗಂಟಲು ಸಣ್ಣದು. ಕೊನೆಯ ಬೆಂಚಿಗೆ ಕೇಳಿಸಲಿ ಎಂದು ಅವರು ದನಿ ಎತ್ತಿದವರಲ್ಲ. ನಾವೇ ಸುಮ್ಮನಾಗುತ್ತಿದ್ದೆವು. ಅದಕ್ಕೇ ಇರಬೇಕು, ಅವರದು ಮೆತ್ತನೆಯ ಸ್ವಭಾವ ಎಂದು ಎಲ್ಲರೂ ಅಂದುಕೊಂಡಿದ್ದರು... ಅವರ ಸಿಟ್ಟನ್ನು ನಾನು ಕಣ್ಣಾರೆ ಕಂಡದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಕಾಲೇಜಿನಲ್ಲಲ್ಲ, ಒಂದು ಮಿಲ್ಲಿನ ಅಂಗಳದಲ್ಲಿ.

ಓದು ಮುಗಿದ ಮೇಲೆ ನಾನು ಬಳ್ಳಾರಿಯಲ್ಲೇ ಕೆಲಸಕ್ಕೆ ಸೇರಿದೆ. ಅಕ್ಕಿ ಆರಿಸುವ ಯಂತ್ರ ಮಾರುವ ಕಂಪನಿಯೊಂದರ ಸರ್ವೀಸ್ ಆಫೀಸು. ಮಿಲ್ಲಿನವರು ಆ ಯಂತ್ರವನ್ನು ಸಾರ್ಟರ್ ಅನ್ನುತ್ತಾರೆ. ಮೇಲಿನಿಂದ ಅಕ್ಕಿ ಜಾರುದಾರಿಯಲ್ಲಿ ಧಾರೆಯಾಗಿ ಇಳಿಯುತ್ತದೆ. ಇಳಿಯುವಾಗಲೇ ಕ್ಯಾಮೆರಾ ಪ್ರತಿ ಕಾಳನ್ನೂ ನೋಡುತ್ತದೆ. ಕರಿಕಾಳು ಕಂಡರೆ ಕಂಪ್ಯೂಟರು ಹೇಳುತ್ತದೆ, ಸಣ್ಣ ಕೊಳವೆಯೊಂದು ಫಟ್ ಎಂದು ಗಾಳಿ ಊದಿ ಆ ಕಾಳೊಂದನ್ನೇ ಪಕ್ಕಕ್ಕೆ ಹಾರಿಸುತ್ತದೆ. ಎಲ್ಲವೂ ಕಣ್ಣು ಮಿಟುಕಿಸುವುದರೊಳಗೆ. ಕಂಪ್ಯೂಟರು ಒಂದು ಚೂರು ತಡವರಿಸಿದರೂ ಕರಿಕಾಳು ಬಿಳಿ ಅಕ್ಕಿಯ ಚೀಲಕ್ಕೇ ಬೀಳುತ್ತದೆ. ಬಿದ್ದ ಕಾಳು ಯಾರ ಮಾತನ್ನೂ ಕೇಳಿ ಮೇಲೆ ಬರುವುದಿಲ್ಲ.

ಸಿರುಗುಪ್ಪದ ಒಂದು ಮಿಲ್ಲಿನಲ್ಲಿ ಕರೂರಿನ ಒಬ್ಬರು ಸಾರ್ಟರ್ ನಡೆಸುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಅಕ್ಕ ಅನ್ನುತ್ತಿದ್ದರು. ಬೆಳಗಿನ ಪಾಳಿಗೆ ಬೇರೊಬ್ಬರಿದ್ದರು, ಮಧ್ಯಾಹ್ನದ್ದು ಈ ಅಣ್ಣನದು. ಒಂದು ಬೇಸಿಗೆಯಲ್ಲಿ ಕಂಪನಿ ಹೊಸ ಬೋರ್ಡು ಕಳಿಸಿತು. ಮೊದಲಿನದಕ್ಕಿಂತ ಬಹಳ ದೊಡ್ಡ ಮೆಮೊರಿ, ಚಿತ್ರ ಇನ್ನೂ ಸ್ಪಷ್ಟ ಎಂದು ಹೇಳಿದರು. ನಾನೇ ಹೋಗಿ ಕೂಡಿಸಿ ಬಂದೆ. ವಾರ ಕಳೆಯುವುದರೊಳಗೆ ಅಣ್ಣನ ಫೋನು.

"ಅಕ್ಕಾ, ಮುಂಜಾನಿ ಚಲೋ ಇರತೈತಿ. ಮಧ್ಯಾಹ್ನ ಆತಂದ್ರ ಇದಕ್ಕ ಮಂಪರು ಹತ್ತತೈತಿ ನೋಡ್ರಿ. ಎರಡು ಮೂರು ಕರಿಕಾಳು ಒಮ್ಮೆಗೇ ಬೀಳ್ತಾವು, ಮತ್ತ ಸುದ್ದ ಆಗತೈತಿ."

ನಾನು ಹೋಗಿ ಕ್ಯಾಮೆರಾ ಒರೆಸಿದೆ. ಗಾಳಿ ಕೊಳವೆ ಬದಲಿಸಿದೆ. ಕಂಪನಿಗೆ ಫೋನು ಮಾಡಿದರೆ, ಆಪರೇಟರಿಗೆ ಸರಿಯಾಗಿ ತರಬೇತಿ ಕೊಡಿ ಎಂದರು. ಅಷ್ಟರಲ್ಲಿ ವ್ಯಾಪಾರಿಯೊಬ್ಬ ಇಡೀ ಲೋಡು ವಾಪಸು ಕಳಿಸಿದ. ಮಿಲ್ಲಿನ ಸಾವ್ಕಾರರು ಅಂಗಳದಲ್ಲಿ ಹಮಾಲರೆಲ್ಲರ ಎದುರು ಅಣ್ಣನ ಅಂಗಿ ಹಿಡಿದರು.

"ಮುಂಜಾನಿ ಸುದ್ದ ಬರತೈತಿ, ನಿನ್ನ ಪಾಳ್ಯಾಗ ಹೊಲಸು ಬರತೈತಿ. ಮಶೀನಿಗೆ ಹೊತ್ತು ಗೊತ್ತಾಗತೈತೇನಲೇ? ಎದುರಿನ ಮಿಲ್ಲಿನವ್ರು ನಿನಗೇನು ತಿನಿಸ್ಯಾರ? ಆರಿಸಲಾರದ ಅಕ್ಕಿ ಕಲಸಾಕತ್ತೀಯಲ್ಲಲೇ, ಕಳ್ಳ!"

ಅಂದೇ ಕೆಲಸ ಹೋಯಿತು. ಕೆಲಸಕ್ಕಿಂತ ಹೆಸರು ಹೋಯಿತು. ಆ ರಸ್ತೆಯಲ್ಲಿ ಮಿಲ್ಲುಗಳು ಸಾಲಾಗಿವೆ, ಒಂದರ ಮಾತು ಸಂಜೆಯೊಳಗೆ ಕೊನೆಯದಕ್ಕೆ ಮುಟ್ಟುತ್ತದೆ. ಯಾವ ಮಿಲ್ಲಿನವರೂ ಅವರನ್ನು ಗೇಟಿನೊಳಗೆ ಬಿಡಲಿಲ್ಲ. ಅಣ್ಣ ಕರೂರಿನ ಗದ್ದೆಯಲ್ಲಿ ಕೂಲಿಗೆ ಇಳಿದರು. ಮಗಳು ಸಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದಳಂತೆ, ಯಾರೋ ಕಳ್ಳನ ಮಗಳು ಅಂದರಂತೆ... ಫೋನಿನಲ್ಲಿ ಅಣ್ಣನೇ ಅದನ್ನು ಹೇಳಿದರು. ನಾನು ಆ ಸಂಜೆಯೇ ಕೋಟೆ ಬೆಟ್ಟದ ಹಿಂದಿನ ಓಣಿಯಲ್ಲಿದ್ದ ಮೇಡಂ ಮನೆಗೆ ಹೋದೆ.

ಅವರು ತೊಗರಿಬೇಳೆ ಆರಿಸುತ್ತ ಕೂತಿದ್ದರು. ಪೂರ್ತಿ ಕೇಳಿ, ಮೊರ ಪಕ್ಕಕ್ಕಿಟ್ಟರು.

"ಮಧ್ಯಾಹ್ನ ಅಷ್ಟೇ ಯಾಕ? ಅಲ್ಲಿ ಭಾಳ ಸೆಖಿ ಅದ ಏನು?"

"ತಗಡಿನ ಶೆಡ್ಡು ಮೇಡಂ. ಒಳಗ ನಿಲ್ಲಾಕ ಆಗಂಗಿಲ್ಲ."

"ನಾಳೆ ಹೋಗೋಣು."

ಬೆಳಗಿನ ಮೊದಲ ಬಸ್ಸು ಹತ್ತಿ ಬಂದರು. ಸಾವ್ಕಾರರು ಇವರನ್ನು ಕಂಪನಿಯವರೆಂದುಕೊಂಡು ಕುರ್ಚಿ ಹಾಕಿಸಿದರು. ಮೇಡಂ ಸಾರ್ಟರಿನ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಅದರ ಕೆಲಸ ಒಂದೇ, ಬಿಡುವಿಲ್ಲದೆ ಗಡಿಯಾರ ನೋಡುತ್ತಲೇ ಇರುವುದು. ನೋಡಿದ್ದಕ್ಕೂ ಮತ್ತೆ ನೋಡಿದ್ದಕ್ಕೂ ನಡುವೆ ಎಲ್ಲಿಯಾದರೂ ಹೊತ್ತು ಕಳೆದುಹೋಗಿದ್ದರೆ, ಆಗ ಕಂಪ್ಯೂಟರನ್ನು ಬೇರೆ ಯಾವುದೋ ಕೆಲಸ ಎಳೆದುಕೊಂಡಿತ್ತು ಎಂದರ್ಥ. ಬೆಳಗಿನ ತಂಪಿನಲ್ಲಿ ಎಲ್ಲ ನೆಟ್ಟಗಿತ್ತು. ಸೂರ್ಯ ನೆತ್ತಿಗೆ ಬಂದ. ತಗಡು ಕಾದುಬಿಟ್ಟಿತು. ಪರದೆಯ ಮೇಲೆ ಹೊತ್ತಿನ ಬಿರುಕುಗಳು ಕಾಣಿಸಿಕೊಂಡವು. ಒಂದು ಬಿರುಕು ಕಂಡಾಗಲೆಲ್ಲ ಕೆಳಗೆ ಎರಡು ಮೂರು ಕರಿಕಾಳು.

ಮೇಡಂ ಬಟನ್ನು ಒತ್ತಿ ಯಂತ್ರ ನಿಲ್ಲಿಸಿ, ಮೆಮೊರಿಯ ಪಟ್ಟಿಯೊಂದನ್ನು ಕಿತ್ತು ತೆಗೆದು, ಮತ್ತೆ ಓಡಿಸಿದರು. ಬಿರುಕುಗಳು ಸಣ್ಣವಾದವು. ಇನ್ನೊಂದನ್ನು ತೆಗೆದರೆ ಇನ್ನೂ ಸಣ್ಣವು. ಆಗ ಅವರ ಮುಖದಲ್ಲಿ ಕಂಡದ್ದು ಗೆದ್ದ ಖುಷಿಯಲ್ಲ, ಅಸಹ್ಯ.

ವಾಪಸು ಬರುವ ಬಸ್ಸಿನಲ್ಲಿ ನನಗೆ ತಿಳಿಸಿ ಹೇಳಿದರು. ಆಪರೇಟಿಂಗ್ ಸಿಸ್ಟಮ್ಮಿನ ಕೆಳಗೆ ಫರ್ಮ್‌ವೇರ್ ಎಂಬ ಇನ್ನೊಂದು ಪದರ ಇರುತ್ತದೆ. ಯಂತ್ರ ಕಾದಾಗ ಶಾಖದ ಸೆನ್ಸರು ಕೂಗುತ್ತದೆ. ಆ ಕೂಗಿಗೆ ಇಂಟರಪ್ಟ್ ಎಂದು ಹೆಸರು. ಕೂಗು ಕೇಳಿದೊಡನೆ ಪ್ರೊಸೆಸರು ಮಾಡುತ್ತಿದ್ದ ಕೆಲಸವನ್ನೆಲ್ಲ ಬಿಟ್ಟು ಫರ್ಮ್‌ವೇರಿನ ಬಳಿ ಓಡುತ್ತದೆ. ಅಲ್ಲಿ ಮಾಡಬೇಕಾದದ್ದು ಒಂದು ಫ್ಯಾನಿನ ವೇಗ ಹೆಚ್ಚಿಸುವ ಅಲ್ಪ ಕೆಲಸ. ಆದರೆ ಈ ಕಂಪನಿಯವರ ಫರ್ಮ್‌ವೇರು ಆ ಕೆಲಸಕ್ಕೆ ಕೈ ಹಾಕುವ ಮೊದಲು ಮೆಮೊರಿಯ ಮೂಲೆ ಮೂಲೆಗೂ ನಕ್ಷೆ ಬರೆಯುತ್ತ ಕೂರುತ್ತಿತ್ತು, ಪ್ರತಿ ಸಲವೂ ಹೊಸದಾಗಿ. ಮೆಮೊರಿ ಸಣ್ಣದಿದ್ದಾಗ ಅದು ಯಾರಿಗೂ ಗೊತ್ತಾಗಲಿಲ್ಲ. ದೊಡ್ಡ ಮೆಮೊರಿ ಬಂತು, ನಕ್ಷೆ ಬೆಳೆಯಿತು, ಅದನ್ನು ಬರೆಯುವ ಹೊತ್ತಿನಲ್ಲಿ ಅಕ್ಕಿ ಜಾರಿ ಹೋಯಿತು.

"ಮನಿಗೆ ಬಂದ ಒಬ್ಬಾತ ಒಂದು ಲೋಟ ನೀರು ಕೇಳಿದರ, ಇವರು ಊರಿಗೆಲ್ಲ ಎಲಿ ಹಾಕ್ಲಿಕ್ಕೆ ಕೂತಾರ," ಎಂದರು ಮೇಡಂ. "ಬೇಕಾದ ಮೂಲಿದಷ್ಟೇ ನಕ್ಷಾ ಬರಿಬೇಕು. ಉಳಿದದ್ದು ಕೈ ಹಾಕಿದಾಗ ಬರದರಾತು. ಅದಕ್ಕ ಆನ್-ಡಿಮ್ಯಾಂಡ್ ಪೇಜಿಂಗ್ ಅಂತ ನಿಮಗ ಕ್ಲಾಸಿನಾಗ ಹೇಳಿದ್ದೆ. ನೆನಪದ ಇಲ್ಲೋ?"

ನೆನಪಿತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಅದರ ಕೊರತೆಯಿಂದ ಒಬ್ಬ ಮನುಷ್ಯ ಕಳ್ಳನಾಗಬಹುದು ಎಂದು ಪುಸ್ತಕದಲ್ಲಿ ಇರಲಿಲ್ಲ.

ಕಂಪನಿಯ ಮ್ಯಾನೇಜರು ಬಳ್ಳಾರಿಗೆ ಬಂದಾಗ ನಾನೇ ಮೇಡಂ ಅವರನ್ನು ಹೋಟೆಲಿಗೆ ಕರೆದೊಯ್ದೆ. ಅವರು ಒಂದೊಂದನ್ನೂ ಬಿಡಿಸಿ ತೋರಿಸಿದರು. ಹೇಗೆ ಸರಿಪಡಿಸಬೇಕೆಂಬುದನ್ನೂ ಹೇಳಿದರು. ಮ್ಯಾನೇಜರು ಎಲ್ಲ ಕೇಳಿಸಿಕೊಂಡು, ಫೋಟೋ ತೆಗೆದುಕೊಂಡು, ನಗುತ್ತ ಹೇಳಿದ: "ಬಹಳ ಇಂಟರೆಸ್ಟಿಂಗ್ ಮೇಡಂ. ಆದ್ರೆ ನಮ್ಮ ಮಷಿನ್ ಸರ್ಟಿಫೈಡ್. ಇದು ಆಪರೇಟರ್ ಪ್ರಾಬ್ಲಂ ಅಂತಾನೇ ನಮ್ಮ ನಿಲುವು."

"ನಿಲುವು ಬ್ಯಾಡ. ಆ ಮಿಲ್ಲಿನವರಿಗೆ ಒಂದು ಮಾತು ಹೇಳ್ರಿ. ತಪ್ಪು ಮಶೀನಿಂದು, ಮನುಷ್ಯಂದಲ್ಲ ಅಂತ. ಅಷ್ಟೇ."

"ಅದು ಲೀಗಲ್‌ನವ್ರು ನೋಡ್ಬೇಕು ಮೇಡಂ."

ಮಳೆಗಾಲ ಮುಗಿಯುವ ಹೊತ್ತಿಗೆ ಕಂಪನಿಯಿಂದ ಹೊಸ ಫರ್ಮ್‌ವೇರ್ ಬಂತು. ಜೊತೆಗಿದ್ದ ಟಿಪ್ಪಣಿಯಲ್ಲಿ "ಕಾರ್ಯಕ್ಷಮತೆಯ ಸುಧಾರಣೆ" ಎಂದಷ್ಟೇ ಇತ್ತು. ನಾನು ಹಾಕಿ ನೋಡಿದೆ. ಮೇಡಂ ಹೇಳಿದ್ದನ್ನೇ ಮಾಡಿದ್ದರು, ಚಾಚೂ ತಪ್ಪದೆ. ತಗಡು ಕಾಯುವ ಮಧ್ಯಾಹ್ನದಲ್ಲೂ ಅಕ್ಕಿ ಬೆಳ್ಳಗೆ ಬಿತ್ತು. ಅದನ್ನು ನೋಡಿ ಸಾವ್ಕಾರರು ನನ್ನ ಕಡೆ ತಿರುಗಿದರು.

"ನೋಡ್ರಿ ಅಕ್ಕಾ, ಅವ ಹೋದ, ಮಶೀನು ಸುದ್ದ ಆತು. ನಾ ಹೇಳಿದ್ದಿಲ್ಲೇನು?"

ಯಂತ್ರ ಸರಿಹೋದದ್ದೇ ಅಣ್ಣನ ತಪ್ಪಿಗೆ ಸಾಕ್ಷಿಯಾಯಿತು! ಇದಕ್ಕಿಂತ ನೀಚವಾದ ನ್ಯಾಯ ಯಾವ ಊರಲ್ಲಿದೆ? ಮೇಡಂಗೆ ಹೇಳಿದೆ. ಅವರು ಕೇಳಿದ್ದು ಒಂದೇ: "ಹಳೇ ಫರ್ಮ್‌ವೇರ್ ನಿನ್ನ ಹತ್ರ ಅದ ಏನು?"

ಇತ್ತು. ಅದನ್ನು ಮತ್ತೆ ಯಂತ್ರಕ್ಕೆ ಹಾಕುವುದು ಕಂಪನಿಯ ನಿಯಮಕ್ಕೆ ವಿರುದ್ಧ. ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ ಎಂದು ಮೇಡಂಗೂ ಗೊತ್ತಿತ್ತು, ಮುಂಚೆಯೇ ಹೇಳಿದರು. ಆಗಲಿ ಅಂದೆ. ಬೇಸಿಗೆ ಬರಲೆಂದು ಕಾದೆವು.

ಉರಿಬಿಸಿಲಿನ ಒಂದು ಮಧ್ಯಾಹ್ನ ಇಬ್ಬರೂ ಮಿಲ್ಲಿಗೆ ಹೋದೆವು. ಮೇಡಂ ಕರೂರಿನ ಅಣ್ಣನನ್ನೂ ಬರಹೇಳಿದ್ದರು. ಅವರು ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತರು, ಒಳಗೆ ಬರಲಿಲ್ಲ. ನಾನು ಹಳೆಯ ಫರ್ಮ್‌ವೇರ್ ಹಾಕಿದೆ. ಮೇಡಂ ಸಾವ್ಕಾರರನ್ನು ಕರೆದು ಆಪರೇಟರಿನ ಸ್ಟೂಲಿನ ಮೇಲೆ ಕೂಡಿಸಿದರು.

"ಈಗ ನೀವೇ ನಡಸ್ರಿ."

"ನಾನ್ಯಾಕ್ರಿ ಮೇಡಂ..."

"ಎದುರಿನ ಮಿಲ್ಲಿನವರು ನಿಮಗೇನೂ ಕೊಟ್ಟಿಲ್ಲಲ್ಲ? ನಡಸ್ರಿ."

ಸಾವ್ಕಾರರು ಅರೆಮನಸ್ಸಿನಿಂದ ನಗುತ್ತ ಬಟನ್ನು ಒತ್ತಿದರು. ಅಕ್ಕಿ ಇಳಿಯಿತು. ಸ್ವಲ್ಪ ಹೊತ್ತು ಎಲ್ಲ ಸರಿಯಿತ್ತು. ಆಮೇಲೆ ತಟ್ಟೆಯಲ್ಲಿ ಬಿಳಿಯ ನಡುವೆ ಕರಿಕಾಳು ಬಿದ್ದವು, ಎರಡು, ಮೂರು, ಮತ್ತೆ ಎರಡು. ಅವರು ಬಗ್ಗಿ ನೋಡಿದರು. ಕೈಯಿಂದ ಆರಿಸಿ ತೆಗೆದರು. ಮತ್ತೆ ಬಿದ್ದವು. ಅಂಗಳದ ಹಮಾಲರು ಚೀಲ ಇಳಿಸಿ ಬಂದು ಬಾಗಿಲಲ್ಲಿ ಗುಂಪುಗೂಡಿದರು. ಸಾವ್ಕಾರರು ತೆಲುಗಿನಲ್ಲಿ ಗದರಿದರೂ ಒಬ್ಬರೂ ಕದಲಲಿಲ್ಲ. ನಾನು ಹೊಸ ಫರ್ಮ್‌ವೇರ್ ಹಾಕಿದೆ. ಅದೇ ಬಿಸಿಲು, ಅದೇ ಅಕ್ಕಿ, ಸ್ಟೂಲಿನ ಮೇಲೆ ಅದೇ ಮನುಷ್ಯ. ಕರಿಕಾಳು ನಿಂತವು.

ಸಾವ್ಕಾರರು ಬೆವರು ಒರೆಸಿಕೊಂಡರು. ದನಿ ಇಳಿಸಿ, "ತಿಳೀತ್ರಿ ಮೇಡಂ. ಇದನ್ನ ಹೊರಗ ಹೇಳಬ್ಯಾಡ್ರಿ, ನಮ್ಮ ಅಕ್ಕಿ ಹೆಸರು ಕೆಡತೈತಿ. ಅವಗ ನಾಳಿಂದ ಬರಾಕ ಹೇಳ್ರಿ," ಎಂದರು.

ನಾನೇ ಗೇಟಿಗೆ ಓಡಿ ಅಣ್ಣನಿಗೆ ಹೇಳಿದೆ. ಅವರು ನಿಧಾನವಾಗಿ ನಡೆದು ಬಂದರು. ಸಾವ್ಕಾರರ ಎದುರು ನಿಂತು ಹೇಳಿದರು: "ನಾ ಬರ್ತೀನ್ರಿ. ಆದ್ರ ಕಳ್ಳ ಅಂದಿದ್ದು ಎಲ್ಲಾರ ಮುಂದ. ಅಲ್ಲ ಅನ್ನೋದನ್ನೂ ಎಲ್ಲಾರ ಮುಂದ ಅನ್ರಿ ಸಾವ್ಕಾರ್ರ."

"ಕೆಲಸ ಕೊಡ್ತೀನಿ ಅಂದ್ನಲ್ಲಲೇ, ಇನ್ನೇನು ಕಾಲು ಹಿಡೀಬೇಕಾ?" ಎಂದು ಅವರು ಆಫೀಸಿನ ಕಡೆ ತಿರುಗಿದರು.

ಆಗ ಮೇಡಂ ಕೂಗಿದರು. ಕ್ಲಾಸಿನಲ್ಲಿ ದನಿಯೆತ್ತದಿದ್ದ ಮೇಡಂ. ಚೀಲ ತೂಗುವ ಕಟ್ಟೆಯ ಮೇಲೆ ಸೀರೆ ಎತ್ತಿ ಹಿಡಿದು ಹತ್ತಿ ನಿಂತು, ಆ ಸಣ್ಣ ಗಂಟಲು ಹರಿದುಹೋಗುವ ಹಾಗೆ ಕೂಗಿದರು.

"ಎಲ್ಲಾರೂ ಕೇಳ್ರಿ! ಈತ ಕಳ್ಳ ಅಲ್ಲ. ಒಂದು ಕಾಳೂ ಕಲಸಿಲ್ಲ. ತಪ್ಪು ಮಶೀನಿಂದು. ಮಾಡಿದ ಕಂಪನಿಗೆ ಗೊತ್ತದ, ನಿಮ್ಮ ಸಾವ್ಕಾರರಿಗೆ ಈಗ ಗೊತ್ತಾತು. ಇಬ್ಬರೂ ಬಾಯಿ ಮುಚ್ಚಿಕೊಂಡಾರ. ಅದಕ್ಕ ನಾ ಹೇಳ್ಲಿಕ್ಕತ್ತೀನಿ. ಯಾವ ಮಿಲ್ಲಿಗೆ ಹೋದ್ರೂ ಹೇಳ್ರಿ!"

ಇಳಿಯುವಾಗ ಮೇಡಂ ನನ್ನ ಭುಜ ಹಿಡಿದುಕೊಂಡರು. ಹಮಾಲರಲ್ಲಿ ಹಿರಿಯನೊಬ್ಬ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಆ ಕಟ್ಟೆಯ ಮೇಲೆ ಹಾಸಿ, "ಕೂಡ್ರಿ ಅವ್ವಾ," ಎಂದ.

ಆ ಮಾತು ಹಮಾಲರ ಬಾಯಲ್ಲಿ ಮಿಲ್ಲಿನಿಂದ ಮಿಲ್ಲಿಗೆ ಹೋಯಿತು. ತಿಂಗಳೊಳಗೆ ಅಣ್ಣನಿಗೆ ಬೇರೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಅದೇ ಮಧ್ಯಾಹ್ನದ ಪಾಳಿ. ನನ್ನ ಕೆಲಸ ಹೋಯಿತು, ಅದರ ಬಗ್ಗೆ ನನಗೆ ದುಃಖವಿಲ್ಲ. ಈಗಿನ ಅಂಗಡಿ ಹುಟ್ಟಿದ್ದೇ ಹಾಗೆ.

ಆದರೆ ಮೇಡಂ ಮಾತ್ರ ಪಾರಾಗಲಿಲ್ಲ. ಕಾಲೇಜಿನ ಆಡಳಿತದಲ್ಲಿ ಸಾವ್ಕಾರರ ಪರಿಚಯದವರಿದ್ದರು. ಅಧ್ಯಕ್ಷರು ಕರೆದು, ಹೆಣ್ಣುಮಕ್ಕಳು ಮಿಲ್ಲಿನ ಕಟ್ಟೆ ಹತ್ತಿ ಕೂಗುವುದು ಸಂಸ್ಥೆಗೆ ಶೋಭೆಯಲ್ಲ, ಕ್ಷಮೆ ಕೇಳಿ ಎಂದರಂತೆ. ಮೇಡಂ ಕೇಳಲಿಲ್ಲ. ಅವರ ಪಾಠದ ಅವಧಿಗಳನ್ನು ಕಸಿದರು. ಲ್ಯಾಬಿನ ಬೀಗದ ಕೈ ತೆಗೆದುಕೊಂಡರು. ಕೊನೆಗೆ ಸ್ಟಾಫ್ ರೂಮಿನಲ್ಲಿ ದಿನವಿಡೀ ಸುಮ್ಮನೆ ಕೂಡಿಸಿದರು. ಪಾಠ ಹೇಳದೆ ಸಂಬಳ ತೆಗೆದುಕೊಳ್ಳುವುದು ಅವರಿಂದ ಆಗದು ಎಂದು ಆ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಅವರೇ ಬಿಟ್ಟು ಬಂದರು. ಆಮೇಲೆ ಒಮ್ಮೆ ನಾನು, "ಯಾಕಾದ್ರೂ ನಿಮ್ಮನ್ನ ಎಳದೆನೋ ಮೇಡಂ," ಎಂದಾಗ ಕೆರಳಿದರು.

"ಹುಚ್ಚಿ! ಮೂವತ್ತು ವರ್ಷ ಕರಿಹಲಗಿ ಮ್ಯಾಲ ಬರದದ್ದು ಒಬ್ಬ ಮನಷ್ಯಾಗ ಉಪಯೋಗ ಆತು. ಅದನ್ನೂ ಕಸಗೋಬೇಕಂತಿಯೇನು?"

ಈ ಬೇಸಿಗೆಯ ಮೊದಲಿಗೆ ಅವರು ಹೋದರು. ಹೃದಯ ಮೊದಲೇ ದುರ್ಬಲವಾಗಿತ್ತಂತೆ... ಯಾರಿಗೂ ಹೇಳಿರಲಿಲ್ಲ.

ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ದೊಡ್ಡ ಫೋಟೋ, ಮಲ್ಲಿಗೆ ಹಾರ. ಅದೇ ಅಧ್ಯಕ್ಷರು ಮೈಕು ಹಿಡಿದು, "ಅವರು ಶಾಂತಮೂರ್ತಿ. ಎಂದೂ ಯಾರೊಡನೆಯೂ ಒಂದು ಗಟ್ಟಿ ಮಾತಾಡಿದವರಲ್ಲ," ಎಂದರು. ಸಭೆ ತಲೆದೂಗಿತು. ನನಗೆ ಕೂರಲಾಗಲಿಲ್ಲ. ಎದ್ದು ನಿಂತು, "ಸುಳ್ಳು! ಅವ್ರು ಗಟ್ಟಿಯಾಗೇ ಮಾತಾಡಿದ್ರು. ಅದಕ್ಕೇ ನೀವು ಅವ್ರನ್ನ..." ಎನ್ನುವಷ್ಟರಲ್ಲಿ ನಿರೂಪಕ ಅಧ್ಯಕ್ಷರ ಕೈಯಿಂದ ಮೈಕು ತೆಗೆದುಕೊಂಡು ಘೋಷಿಸಿದ: "ಈಗ ಎಲ್ಲರೂ ಎದ್ದು ನಿಂತು ಮೌನ ಆಚರಿಸೋಣ."

ಕುರ್ಚಿಗಳು ಸರಿದವು. ಇಡೀ ಸಭೆ ಎದ್ದು ನಿಂತು ತಲೆ ತಗ್ಗಿಸಿತು. ಸತ್ತವರ ಹೆಸರಿನ ಮೌನವನ್ನೇ ನನ್ನ ಬಾಯಿಗೆ ತುರುಕಿದರು.

ಆಗ ಹಿಂದಿನ ಸಾಲಿನಿಂದ ದನಿ ಕೇಳಿಸಿತು. ಕರೂರಿನ ಅಣ್ಣ. ಬಂದದ್ದು ನನಗೆ ಗೊತ್ತೇ ಇರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಗಿದ ಕೈ.

"ನನ್ನನ್ನ ಕಳ್ಳ ಅಂದಿದ್ರು. ಅಲ್ಲ ಅಂತ ಈ ತಾಯಿ ಒಬ್ಬಾಕೀನ ಒದರಿದ್ಲು. ಒದರಿದ್ದಕ್ಕ ಆಕೀನ್ನ ಈ ಸಾಲ್ಯಾಗಿಂದ ಹೊರಗ ಹಾಕಿದ್ರು. ನನ್ನ ಮಗಳು ಈಗ ಕಾಲೇಜು ಓದಾಕತ್ತಾಳ."

ಯಾರೂ ತಡೆಯಲಿಲ್ಲ. ಮೌನದಲ್ಲಿ ನಿಂತವರು ಹೇಗೆ ತಡೆದಾರು? ಅಧ್ಯಕ್ಷರು ತಗ್ಗಿಸಿದ ತಲೆ ಎತ್ತಲಿಲ್ಲ.

ಸಭೆ ಮುಗಿಯುವ ಮೊದಲೇ ಇಬ್ಬರೂ ಹೊರಗೆ ಬಂದೆವು. ಬಸ್ ನಿಲ್ದಾಣದವರೆಗೆ ನಡೆದೇ ಹೋದೆವು. ಸಿರುಗುಪ್ಪದ ಬಸ್ಸು ಬಂದಾಗ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ಕೇಳಿದರು: "ಅಕ್ಕಾ, ಸುಮ್ನ ನಿಂದ್ರಬೇಕಾದಾಗ ಮಾತಾಡಿಬಿಟ್ಟೆ. ತಪ್ಪಾತೇನ್ರಿ?"

"ಇಲ್ಲಣ್ಣಾ," ಎಂದೆ. ಬಸ್ಸು ಹೋಯಿತು.

ನನ್ನ ಕಾಲು ತಾನಾಗಿಯೇ ಕೋಟೆ ಬೆಟ್ಟದ ಕಡೆಗೆ, ಮೇಡಂ ಮನೆಯ ದಾರಿಗೆ ತಿರುಗಿತ್ತು. ಅರ್ಧ ದಾರಿ ಹೋದ ಮೇಲೆ ನಿಂತೆ. ಸಭೆಯಲ್ಲಿ ಏನಾಯಿತು, ಅಣ್ಣ ಏನಂದರು, ಅಧ್ಯಕ್ಷರ ಮುಖ ಹೇಗಾಗಿತ್ತು ಎಂದು ಬಿಡದೆ ಹೇಳಬೇಕಾಗಿತ್ತು. ಕೇಳಿ ಮೇಡಂ ಬಹಳ ನಗುತ್ತಿದ್ದರು... ಆ ಮನೆಗೆ ಈಗ ಬೀಗ ಹಾಕಿದ್ದಾರೆ. ಇದೊಂದು ಸುದ್ದಿ ನನ್ನಲ್ಲೇ ಉಳಿದಿದೆ.